ಆಸ್ಪತ್ರೆಯ ಪೋಸ್ಟರ್ ಮೇಲಿನ ಅಂಕಿಯನ್ನು ನಂಬಬಹುದೇ?



ಡೊಂಬಿವ್ಲಿಯ ಓದುಗರೊಬ್ಬರು ಒಂದು ಪೋಸ್ಟರ್‌ನ ಫೋಟೋ ಕಳಿಸಿದ್ದಾರೆ. "ಹೊಸ ಯೋಜನೆಯ ನಂತರ ನಮ್ಮಲ್ಲಿ ಹೃದಯಾಘಾತದ ಸಾವು ಕಡಿಮೆಯಾಗಿದೆ" ಎಂದು ಅದರಲ್ಲಿದೆ. "ಡಾಕ್ಟ್ರೇ, ಅಪ್ಪನನ್ನು ಇಲ್ಲಿಗೇ ಕರೆದೊಯ್ಯೋಣವೇ?" ಎನ್ನುವುದು ಅವರ ಪ್ರಶ್ನೆ.

ಮೊದಲು ಕೇರಳದ ಒಂದು ಸಂಗತಿ ಕೇಳಿ. ಅಲ್ಲಿ 2014ರ ನವೆಂಬರ್‌ನಿಂದ 2016ರ ನವೆಂಬರ್‌ವರೆಗೆ 63 ಆಸ್ಪತ್ರೆಗಳಲ್ಲಿ 'ಎಸಿಎಸ್ ಕ್ವಿಕ್' ಎಂಬ ಅಧ್ಯಯನ ನಡೆಯಿತು. ಹೃದಯಾಘಾತವಾಗಿ ಬಂದ 21,374 ಜನ ಅದರಲ್ಲಿದ್ದರು. ಆಸ್ಪತ್ರೆಗಳಿಗೆ ಚೆಕ್‌ಲಿಸ್ಟ್, ಅವರದೇ ಕೆಲಸದ ವರದಿ, ತುರ್ತು ಚಿಕಿತ್ಸೆಯ ತರಬೇತಿ, ರೋಗಿಗಳಿಗೆ ತಿಳಿವಳಿಕೆಯ ಸಾಮಗ್ರಿ ಕೊಟ್ಟರು. ಆದರೆ ಎಲ್ಲರಿಗೂ ಒಂದೇ ದಿನ ಅಲ್ಲ. ಚೀಟಿ ಎತ್ತಿದ ಹಾಗೆ ಸರದಿ ಗೊತ್ತುಮಾಡಿ, ಹಂತಹಂತವಾಗಿ.

30 ದಿನದೊಳಗಿನ ಸಾವು, ಮತ್ತೊಂದು ಹೃದಯಾಘಾತ, ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ ಎಲ್ಲ ಸೇರಿ ಶೇ. 6.4 ಇದ್ದದ್ದು, ಯೋಜನೆ ಬಂದ ಮೇಲೆ 5.3 ಆಯಿತು. ಪೋಸ್ಟರ್‌ಗೆ ಹೇಳಿ ಮಾಡಿಸಿದ ಅಂಕಿ! ಆದರೆ ಕಾಲ ಕಳೆದಂತೆ ಹೇಗೂ ಆಗುತ್ತಿದ್ದ ಸುಧಾರಣೆಯನ್ನೂ ಆಸ್ಪತ್ರೆಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದಾಗ, ಯೋಜನೆಯಿಂದಲೇ ಬಂತು ಎನ್ನುವಂಥ ಲಾಭ ಉಳಿಯಲಿಲ್ಲ. 2018ರಲ್ಲಿ ಅವರು ಅದನ್ನು ಹಾಗೆಯೇ ಪ್ರಕಟಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ನಾನೂ ಇಂಥ ಪೋಸ್ಟರ್ ಹಾಕಿದವನೇ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ರೋಗಿ ಬಂದಾಗಿನಿಂದ ಚಿಕಿತ್ಸೆಯವರೆಗಿನ ಸಮಯ ಇಳಿದಿದೆ ಎಂದು ಖುಷಿಪಟ್ಟಿದ್ದೆವು. ಆಮೇಲೆ ನೋಡಿದರೆ ನಮ್ಮ ಗಡಿಯಾರ ಶುರುವಾಗುತ್ತಿದ್ದದ್ದು ಗೇಟಿನಲ್ಲಲ್ಲ, ಇಸಿಜಿ ತೆಗೆದ ಮೇಲೆ. ರೋಗಿ ಅದಕ್ಕೆ ಮೊದಲು ಬೆಂಚಿನ ಮೇಲೆ ಕಾದ ಹೊತ್ತು ಯಾರ ಲೆಕ್ಕದಲ್ಲೂ ಇರಲಿಲ್ಲ.

ಇನ್ನೊಂದು ವಿಷಯ. ಕಲ್ಯಾಣ್ ಕಡೆಯ ಸಣ್ಣ ಆಸ್ಪತ್ರೆಯೊಂದು ಗಂಭೀರ ರೋಗಿಯನ್ನು ಠಾಣೆಗೋ ಮುಂಬೈಗೋ ಕಳಿಸಿದರೆ, ಆ ಸಾವು ಅದರ ಪಟ್ಟಿಯಲ್ಲಿ ಬಾರದೇ ಹೋಗಬಹುದು. ಕಳಿಸಿದ್ದು ತಪ್ಪಲ್ಲ, ಅಂಕಿ ಮಾತ್ರ ಅರ್ಧ ಸತ್ಯ.

ಆದ್ದರಿಂದ ಅಪ್ಪ ಆರೋಗ್ಯವಾಗಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಕೇಳಿ. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗುತ್ತದೆಯೇ? ಆಂಜಿಯೋಪ್ಲಾಸ್ಟಿ ಭಾನುವಾರ ರಾತ್ರಿಯೂ ಉಂಟೇ? ಬಾಗಿಲಿನಿಂದ 90 ನಿಮಿಷದೊಳಗೆ ರಕ್ತನಾಳ ತೆರೆಯುವುದು ಗುರಿ. ನೂರು ಜನ ಬಂದರೆ ಎಷ್ಟು ಜನರಿಗೆ ಅದು ಸಾಧ್ಯವಾಗುತ್ತಿದೆ? ಕಳಿಸಿಕೊಟ್ಟವರನ್ನೂ ಎಣಿಸುತ್ತೀರಾ? ಉತ್ತರ ಕೊಡಲು ಮುಜುಗರಪಡದ ಆಸ್ಪತ್ರೆ ನನಗೆ ಇಷ್ಟ.

ಊರಿನಲ್ಲಿ ಅಪ್ಪ-ಅಮ್ಮ ಇದ್ದವರಿಗೆ ಒಂದು ಮಾತು: ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಈಗ ಅದು ಸಿಗುತ್ತಿದೆಯೇ ಎಂದು ಇವತ್ತೇ ಒಂದು ಫೋನ್ ಮಾಡಿ ಕೇಳಿಡಿ.