ನೀರಿನಲ್ಲಿ ಚಿಕಿತ್ಸೆ: ನಾಲ್ಕು ಜನರಿಗೆ ತಿಳಿಸೋಣ

"ಆಕ್ಯುಪೇಶನಲ್ ಥೆರಪಿ ಎಂದರೆ ಕೆಲಸ ಕೊಡಿಸುವ ಚಿಕಿತ್ಸೆಯೇ?" ಎಂದು ನಮ್ಮ ಕೂಟಗಳಲ್ಲಿ ಕೇಳುವವರಿದ್ದಾರೆ. ಅಲ್ಲ. ಅಂಗಿ ತೊಡುವುದು, ಗುಂಡಿ ಹಾಕುವುದು, ತುತ್ತು ಬಾಯಿಗೆ ಒಯ್ಯುವುದು, ಪೆನ್ಸಿಲ್ ಹಿಡಿಯುವುದು ಇಂಥ ದಿನನಿತ್ಯದ ಕೆಲಸಗಳನ್ನು ಆದಷ್ಟೂ ಸ್ವತಃ ಮಾಡಿಕೊಳ್ಳಲು ನೆರವಾಗುವ ವಿದ್ಯೆ ಇದು. ಇಲ್ಲಿ ಅಮೆರಿಕದಲ್ಲಿ ಇದರ ರಾಷ್ಟ್ರೀಯ ಸಂಘ ಹುಟ್ಟಿದ್ದು 1917ರಲ್ಲಿ. ಈ ತರಬೇತಿಯನ್ನೇ ಬೆಚ್ಚನೆಯ ನೀರಿನ ಪೂಲ್‌ನಲ್ಲಿ ನೀಡುವುದೂ ಉಂಟು.

ನೀರೇ ಏಕೆ? ಎದೆಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವುದು ದೇಹತೂಕದ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಾರ್ಶ್ವವಾಯುವಿನಿಂದ ಬಲಗುಂದಿದ ತೋಳನ್ನು ನೀರು ತಾನೇ ಎತ್ತಿಹಿಡಿಯುತ್ತದೆ. ಸುಮಾರು 92ರಿಂದ 95 ಡಿಗ್ರಿ ಫ್ಯಾರನ್‌ಹೀಟ್‌ನ ಬಿಸಿ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಮೈಯನ್ನು ಸುತ್ತಲಿಂದ ಒತ್ತುವ ನೀರು ಕೆಲವು ಆಟಿಸಂ ಮಕ್ಕಳಿಗೆ ಸಮಾಧಾನ ಕೊಡುತ್ತದೆ. ತೇಲುವ ಚೆಂಡಿಗೆ ಕೈಚಾಚುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಕೊನೆಗೆ ಮೈ ಒರೆಸಿಕೊಂಡು ಬಟ್ಟೆ ಬದಲಿಸುವುದು ಎಲ್ಲವೂ ಪಾಠವೇ.

ಇದಕ್ಕೆ ಹತ್ತಿರದ ಒಂದು ಹೆಸರಾಂತ ಪದ್ಧತಿ ಹ್ಯಾಲಿವಿಕ್. ಜೇಮ್ಸ್ ಮ್ಯಾಕ್‌ಮಿಲನ್ ಎಂಬ ಎಂಜಿನಿಯರ್ 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹೆಣ್ಣುಮಕ್ಕಳಿಗೆ, ತೇಲುಸಾಧನಗಳಿಲ್ಲದೆ ನೀರಿನಲ್ಲಿ ಸಮತೋಲ ಕಾಯ್ದುಕೊಳ್ಳಲು ಕಲಿಸತೊಡಗಿದರು.

ಇಷ್ಟಿದ್ದರೂ ನಮ್ಮಲ್ಲಿ ಅನೇಕರಿಗೆ ಈ ವಿಷಯ ಗೊತ್ತಿಲ್ಲ. "ನಾಲ್ಕು ಜನ ಏನಂದಾರು" ಎಂದು ಮಗುವಿನ ತೊಂದರೆಯನ್ನು ಮುಚ್ಚಿಡುವ ಮನೆಗಳೂ ಇವೆ. ಅಂಥವರು ಸಭೆಗೆ ಬಂದು ಕೈಯೆತ್ತಿ ಕೇಳಲಾರರು. ಆದರೆ ವಾಟ್ಸಾಪ್‌ನಲ್ಲಿ ಬಂದ ಒಂದು ಸಂದೇಶವನ್ನು ರಾತ್ರಿ ಒಬ್ಬರೇ ಕುಳಿತು ಓದಬಲ್ಲರು. ಆದ್ದರಿಂದಲೇ ಹಬ್ಬದ ಶುಭಾಶಯದ ಚಿತ್ರಗಳ ನಡುವೆ ಇದಕ್ಕೂ ಜಾಗವಿರಲಿ ಎಂಬುದು ನಮ್ಮ ವಿನಂತಿ. ಕಳುಹಿಸುವಾಗ ಕೆಲವು ಮಾತು ನೆನಪಿರಲಿ.

ಒಂದು, "ಗುಣವಾಗುತ್ತದೆ" ಎಂದು ಬರೆಯಬೇಡಿ. ಇದು ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿಯನ್ನು ಹೋಗಲಾಡಿಸುವುದಿಲ್ಲ; ಬದುಕನ್ನು ಸ್ವಲ್ಪ ಸುಲಭ ಮಾಡಬಹುದು.

ಎರಡು, ಇನ್ನೊಬ್ಬರ ಮಗುವಿನ ಫೋಟೋ ಹಾಕಬೇಡಿ. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಫೋಟೋ ಬಳಸಲು ಆಸ್ಪತ್ರೆಗಳಿಗೂ ಕಾನೂನು ಬಿಡುವುದಿಲ್ಲ. ಈಜುಡುಗೆಯಲ್ಲಿರುವ ಮಗುವಿನ ಚಿತ್ರಕ್ಕಂತೂ ಹೆಚ್ಚಿನ ಎಚ್ಚರ ಬೇಕು. ನೀರು, ಚೆಂಡು, ಕೈಗಳ ಚಿತ್ರ ಸಾಕು.

ಮೂರು, ಎಚ್ಚರಿಕೆಯನ್ನೂ ಸೇರಿಸಿ. ಹತೋಟಿಗೆ ಬಾರದ ಮೂರ್ಛೆರೋಗ, ತೆರೆದ ಗಾಯ, ಸೋಂಕು ಇದ್ದವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ಆಟಿಸಂ ಮಕ್ಕಳಿಗೆ ನೀರಿನ ಸೆಳೆತ ಹೆಚ್ಚು, ಮುಳುಗುವ ಅಪಾಯವೂ ಹೆಚ್ಚು. ಥೆರಪಿ ಆಯಿತೆಂದು ಕಣ್ಣು ತಪ್ಪಿಸುವಂತಿಲ್ಲ.

ನಾಲ್ಕು, ಮುಂದಿನ ದಾರಿಯನ್ನೂ ತಿಳಿಸಿ. ಬೆಳವಣಿಗೆಯಲ್ಲಿ ಅನುಮಾನವಿದ್ದರೆ ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯದ ಅರ್ಲಿ ಇಂಟರ್‌ವೆನ್ಷನ್ ವ್ಯವಸ್ಥೆಯಲ್ಲಿ, ದೊಡ್ಡ ಮಕ್ಕಳಿಗೆ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ತಪಾಸಣೆ ಉಚಿತ. ಪೂಲ್ ಥೆರಪಿ ಎಲ್ಲ ಕಡೆ ಸಿಗದು. ಥೆರಪಿಸ್ಟ್‌ಗೆ ಲೈಸೆನ್ಸ್ ಇದೆಯೇ, ಇನ್ಶೂರೆನ್ಸ್ ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಊರಿನಲ್ಲಾಗಿದ್ದರೆ ಅಕ್ಕಪಕ್ಕದವರು ಬಂದು "ಇಂಥಲ್ಲಿ ತೋರಿಸಿ ನೋಡಿ" ಎನ್ನುತ್ತಿದ್ದರು. ಈ ಪರನಾಡಿನಲ್ಲಿ ಆ ಅಕ್ಕಪಕ್ಕದವರು ನಾವೇ ಆಗಬೇಕು. ಇದನ್ನು ಓದಿದ ನೀವು ಈ ವಾರ ಇನ್ನೊಂದು ಮನೆಗಾದರೂ ಈ ಮಾತು ಮುಟ್ಟಿಸಿ.