ಕೋಶಪೊರೆಯ ಕೊಲೆಸ್ಟ್ರಾಲ್

ಪ್ರಾಣಿಗಳ ಜೀವಕೋಶದ ಹೊರಪೊರೆ ಸುಮಾರು 5 ನ್ಯಾನೋಮೀಟರ್ ದಪ್ಪ. ಫಾಸ್ಫೋಲಿಪಿಡ್ ಅಣುಗಳು ಬಾಲಕ್ಕೆ ಬಾಲ ತಾಗಿಸಿ ಎರಡು ಪದರವಾಗಿ ನಿಂತಿರುತ್ತವೆ. ಅವುಗಳ ಸಂದಿಗಳಲ್ಲಿ ಕೊಲೆಸ್ಟ್ರಾಲ್ ಸೇರಿಕೊಂಡಿರುತ್ತದೆ. ಹೊರಪೊರೆಯ ಪ್ರತಿ 100 ಲಿಪಿಡ್ ಅಣುಗಳಲ್ಲಿ 30ರಿಂದ 40 ಕೊಲೆಸ್ಟ್ರಾಲಿನವೇ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆ ಸುತ್ತಲಿನ ಮಾಂಸದಂಗಡಿಗಳಲ್ಲಿ ಸಿಗುವ ಭೇಜಾದಲ್ಲಿ (ಮಿದುಳಿನಲ್ಲಿ) ಅದು ವಿಪರೀತ ಇರುವುದಕ್ಕೂ ಪೊರೆಯೇ ಕಾರಣ. ಮಿದುಳಿನ ನರತಂತುಗಳಿಗೆ ಸುತ್ತಿದ ಮಯಲಿನ್ ಹೊದಿಕೆಯೆಂದರೆ ಸುತ್ತಿನ ಮೇಲೆ ಸುತ್ತು ಬಂದ ಕೋಶಪೊರೆ.

ಕೊಲೆಸ್ಟ್ರಾಲಿನ ನಾಲ್ಕು ಉಂಗುರಗಳ ಒಡಲು ಬಿರುಸು. ಪಕ್ಕದ ಬಾಲಗಳನ್ನು ಅದು ನೆಟ್ಟಗೆ ನಿಲ್ಲಿಸಿ, ಪೊರೆಯನ್ನು ದಪ್ಪವಾಗಿಸಿ, ಸೋರಿಕೆ ತಗ್ಗಿಸುತ್ತದೆ. ಚಳಿಯಲ್ಲಿ ಅದರ ಕೆಲಸ ಇದಕ್ಕೆ ತದ್ವಿರುದ್ಧ. ಡಿಪಿಪಿಸಿ ಎಂಬ ಫಾಸ್ಫೋಲಿಪಿಡ್ಡಿನ ಪೊರೆ 41 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಸಾಕಷ್ಟು ಕೊಲೆಸ್ಟ್ರಾಲ್ ಬೆರೆಸಿದರೆ ಹಾಗೆ ಗಟ್ಟಿಯಾಗುವುದಿಲ್ಲ.

ಪೊರೆಯ ಆಕಾರವೂ ಇದರ ಹಿಡಿತದಲ್ಲಿದೆ. ಪೊರೆಯ ಮೇಲಿನ 60ರಿಂದ 80 ನ್ಯಾನೋಮೀಟರ್ ಅಗಲದ ಕೇವಿಯೋಲೆ ಎಂಬ ಕುಳಿಗಳು ಕೊಲೆಸ್ಟ್ರಾಲ್ ತೆಗೆದರೆ ಚಪ್ಪಟೆಯಾಗುತ್ತವೆ. ಹೆಚ್ಚಾದರೂ ಕಷ್ಟವೇ: ತೀವ್ರ ಯಕೃತ್ತಿನ ಕಾಯಿಲೆಯಲ್ಲಿ ಕೆಂಪು ರಕ್ತಕಣದ ಪೊರೆಗೆ ಕೊಲೆಸ್ಟ್ರಾಲ್ ಅತಿಯಾಗಿ ಸೇರಿ, ದುಂಡನೆಯ ಕಣ ಮುಳ್ಳುಮುಳ್ಳಾಗುತ್ತದೆ. ಬಾಗಿ ಬಳುಕಲಾಗದ ಅಂಥ ಕಣಗಳು ಗುಲ್ಮದಲ್ಲಿ ಸಿಕ್ಕಿ ನಾಶವಾಗುತ್ತವೆ.

ಈ ವಿಷಯದಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು, ಊರಿನವರಿಗೆ ಅದು ಇನ್ನಷ್ಟು ತಿಳಿಯಬೇಕು. ಇಂದು ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ರಜತ್ ವರ್ಮ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಫೋಲೇಟ್ ಹಿಡಿಯುವ ಒಂದು ಪ್ರೋಟೀನು ಪೊರೆಯ ಹೊರಪದರಕ್ಕೆ ಲಿಪಿಡ್ ಕೊಂಡಿಯಿಂದ ಅಂಟಿಕೊಂಡಿರುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಹಚ್ಚಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಹಾಯಿಸಲಾಯಿತು. ಬಣ್ಣದ ಅಣುಗಳು ತೀರ ಹತ್ತಿರವಿದ್ದರೆ ಒಂದರಿಂದ ಇನ್ನೊಂದಕ್ಕೆ ಶಕ್ತಿ ದಾಟಿ, ಹೊರಬರುವ ಬೆಳಕು ತನ್ನ ದಿಕ್ಕು ಕಳೆದುಕೊಳ್ಳುತ್ತದೆ. ಆ ಬೆಳಕನ್ನು ಅಳೆದಾಗ ಪ್ರೋಟೀನುಗಳು 70 ನ್ಯಾನೋಮೀಟರ್‌ಗಿಂತ ಕಿರಿದಾದ ಗುಂಪುಗಳಲ್ಲಿ ಇರುವುದು ಗೊತ್ತಾಯಿತು. ಕೊಲೆಸ್ಟ್ರಾಲ್ ಇಳಿಸಿದಾಗ ಗುಂಪುಗಳು ಚದುರಿದವು. 2015ರಲ್ಲಿ ಮೇಯರ್, ಮದನ್ ರಾವ್ ಮತ್ತು ಸಂಗಡಿಗರು ಕಾರಣವನ್ನು ಇನ್ನೂ ಬಿಡಿಸಿ ತೋರಿಸಿದರು: ಕೋಶದೊಳಗಿನ ಆಕ್ಟಿನ್ ಎಳೆಗಳು ಒಳಪದರದ ಉದ್ದ ಬಾಲದ ಫಾಸ್ಫಟೈಡಿಲ್‌ಸೆರೀನನ್ನು ಹಿಡಿದಿಡುತ್ತವೆ, ಆ ಬಾಲಗಳು ಹೊರಪದರದ ಬಾಲಗಳಿಗೆ ತಾಕುತ್ತವೆ, ಕೊಲೆಸ್ಟ್ರಾಲ್ ಆ ಜೋಡಣೆಯನ್ನು ಭದ್ರಪಡಿಸುತ್ತದೆ.

ಲ್ಯಾಬಿನ ಲಿಪಿಡ್ ಪ್ರೊಫೈಲಿನಲ್ಲಿ ಕಾಣುವುದು ರಕ್ತದಲ್ಲಿ ಸಾಗುವ ಕೊಲೆಸ್ಟ್ರಾಲಿನ ಲೆಕ್ಕ, ಪೊರೆಯದ್ದಲ್ಲ. ಪೊರೆಗೆ ಬೇಕೆಂಬ ನೆಪದಲ್ಲಿ ವೈದ್ಯರು ಬರೆದುಕೊಟ್ಟ ಸ್ಟಾಟಿನ್ ಮಾತ್ರೆ ನಿಲ್ಲಿಸಬಾರದು. ಅದು ಕೆಲಸ ಮಾಡುವುದು ಮುಖ್ಯವಾಗಿ ಯಕೃತ್ತಿನಲ್ಲಿ; ಮಿದುಳಂತೂ ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ.