ಎಂಟು ಕಾಲಿನ ಚಿಪ್ ಮತ್ತು ಗಡಿ ನಾಕಾ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾಗಲ್ ದಾಟಿ ಬಂದವರನ್ನು ಎದುರುಗೊಳ್ಳುವ ಕರ್ನಾಟಕದ ಊರು ಕೊಗನೊಳ್ಳಿ. ಪತ್ರಿಕೆಗಳಲ್ಲಿ ಈ ಊರಿನ ಹೆಸರು ಕಾಣಿಸುವುದು ಬಹುಮಟ್ಟಿಗೆ ಅಲ್ಲಿ ಯಾರನ್ನಾದರೂ ತಡೆದಾಗಲೇ. 2021ರಲ್ಲಿ ಕೋವಿಡ್ ಪರೀಕ್ಷೆಯ ವರದಿ ಇಲ್ಲದವರನ್ನು ಇಲ್ಲಿಂದ ಹಿಂದಕ್ಕೆ ಕಳುಹಿಸಲಾಯಿತು. ಗಡಿ ವಿವಾದ ಕಾವೇರಿದಾಗ ಬಸ್ಸುಗಳು ಇಲ್ಲಿಂದ ಮುಂದೆ ಹೋಗುವುದಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬರುವವರೆಗೂ ರಾಜ್ಯದ ಗಡಿಗಳಲ್ಲಿ ತೆರಿಗೆ ತನಿಖಾ ಠಾಣೆಗಳಿದ್ದವು. ಸೇವಾವಧಿಯ ಒಂದು ದೊಡ್ಡ ಭಾಗವನ್ನು ತೆರಿಗೆಯ ಕಡತಗಳ ನಡುವೆ ಕಳೆದ ನನಗೆ, ‘ಇಲ್ಲಿಯ ಸರಕು ಅಲ್ಲಿಗೆ ಹೋಗಕೂಡದು’ ಎಂಬ ವಾಕ್ಯ ಹೊಸದಲ್ಲ. ಆದರೆ ಅದೇ ವಾಕ್ಯವನ್ನು ಮಕ್ಕಳ ಆಟದ ಯಂತ್ರವೊಂದರ ಒಳಗೂ ಬರೆದಿಟ್ಟಿದ್ದಾರೆಂಬುದನ್ನು ನಾನು ತಿಳಿದದ್ದು ಕಳೆದ ವರ್ಷ, ಅದೇ ಕೊಗನೊಳ್ಳಿಯಲ್ಲಿ.

ನಮ್ಮ ಬಂಧುಗಳ ನೆರೆಮನೆಯ ತರುಣನೊಬ್ಬ ಐಟಿಐ ಮುಗಿಸಿ ಮೊಬೈಲ್ ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮೇಜಿನ ಮೇಲೆ ಕೊಲ್ಹಾಪುರದ ಗುಜರಿಯಿಂದ ತಂದ ಸೋನಿ ಪ್ಲೇಸ್ಟೇಷನ್ ಒಂದು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಪುಣೆಯಲ್ಲಿ ಕೆಲಸ ಮಾಡುವ ಅವನ ಸೋದರಮಾವನ ಮಗ ಅದನ್ನು ಕೊಡಿಸಿದ್ದ. ತಾನು ಹಿಂದೆ ಅಮೆರಿಕದಲ್ಲಿ ಹಣ ಕೊಟ್ಟು ಕೊಂಡಿದ್ದ ಅಸಲಿ ಡಿಸ್ಕುಗಳನ್ನು ಅದರಲ್ಲಿ ಆಡಬೇಕೆಂಬುದು ಅವನ ಆಸೆ. ಯಂತ್ರ ಒಪ್ಪಲಿಲ್ಲ. ಅದಕ್ಕೊಂದು ಚಿಪ್ ಕೂರಿಸಬೇಕು, ತಂತಿ ಎಲ್ಲೆಲ್ಲಿಗೆ ಬೆಸೆಯಬೇಕೆಂದು ಹುಡುಕುತ್ತಿದ್ದೇನೆ ಎಂದ ಹುಡುಗ. ಹೊಗೆಸೊಪ್ಪಿನ ರೈತನಾದ ಅವನ ತಂದೆ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: “ಸಾಹೇಬ್ರ, ಇಂವಾ ಮಾಡೂದು ಗುನ್ಹೇ ಏನ್ರಿ?”

ಉತ್ತರ ಹೇಳಲು ಮೊದಲು ಆ ತಂತಿಗಳನ್ನೇ ಅರ್ಥ ಮಾಡಿಕೊಳ್ಳಬೇಕಾಯಿತು.

ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಿಡುಗಡೆಯಾದದ್ದು 1994ರ ಡಿಸೆಂಬರಿನಲ್ಲಿ. ಅದರ ಅಸಲಿ ಡಿಸ್ಕಿನ ಆರಂಭದ ಭಾಗದಲ್ಲಿ, ಸುರುಳಿಯಾಗಿ ಸಾಗುವ ಗೆರೆಯನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬೇಕೆಂದೇ ಓಲಾಡಿಸಿ, ಆ ಓಲಾಟದಲ್ಲಿ ನಾಲ್ಕು ಅಕ್ಷರಗಳನ್ನು ಅಡಗಿಸಿದ್ದರು: ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ಮನೆಯಲ್ಲಿ ಸಿ.ಡಿ. ಬರೆಯುವ ಯಂತ್ರ ದತ್ತಾಂಶವನ್ನು ನಕಲು ಮಾಡಬಲ್ಲದು, ಓಲಾಟವನ್ನು ಮಾಡಲಾರದು. ಚಾಲೂ ಮಾಡಿದೊಡನೆ ಯಂತ್ರದ ಡಿಸ್ಕ್ ನಿಯಂತ್ರಕ ಆ ಅಕ್ಷರಗಳಿಗಾಗಿ ಕಾಯುತ್ತದೆ. ತನ್ನ ಸೀಮೆಯ ಅಕ್ಷರ ಬಾರದಿದ್ದರೆ ಆಟವಿಲ್ಲ. ಹೀಗೆ ಒಂದೇ ಬೀಗ ಎರಡು ಕೆಲಸ ಮಾಡುತ್ತದೆ. ನಕಲಿ ಡಿಸ್ಕನ್ನು ತಡೆಯುವುದು ಒಂದು, ಬೇರೆ ದೇಶದ ಅಸಲಿ ಡಿಸ್ಕನ್ನು ತಡೆಯುವುದು ಇನ್ನೊಂದು. ಮುಂದಿನ ವಾದವೆಲ್ಲ ಈ ಎರಡರ ಬೆಸುಗೆಯಿಂದ ಹುಟ್ಟಿದ್ದು.

ಚಿಪ್ ಎಂಬುದಾದರೂ ಏನು? ಪಿಐಸಿ12ಸಿ508 ಎಂಬ, ಎಂಟು ಕಾಲುಗಳ ಸಾಮಾನ್ಯ ಮೈಕ್ರೋಕಂಟ್ರೋಲರ್ ಆ ದಿನಗಳಲ್ಲಿ ಇದಕ್ಕೆ ಬಳಕೆಯಾಗುತ್ತಿತ್ತು. ಸೆಕೆಂಡಿಗೆ 250 ಬಿಟ್‌ಗಳ ಮಂದಗತಿಯಲ್ಲಿ ಆ ನಾಲ್ಕು ಅಕ್ಷರಗಳನ್ನು ಉಸುರುವುದಷ್ಟೇ ಅದರ ಉದ್ಯೋಗ. ಕಷ್ಟವಿರುವುದು ಉಸುರುವುದರಲ್ಲಿ ಅಲ್ಲ, ಯಾರ ಕಿವಿಯಲ್ಲಿ ಎಂಬುದರಲ್ಲಿ. ಯಂತ್ರದ ಬೋರ್ಡ್ ಪದೇ ಪದೇ ಬದಲಾಯಿತು. ಪಿಯು–18ರಲ್ಲಿ ಇದ್ದ ಬಿಂದು ಪಿಯು–22ರಲ್ಲಿ ಅದೇ ಜಾಗದಲ್ಲಿ ಸಿಗದು. ಹುಡುಗನ ಬಳಿ ಇದ್ದದ್ದು ಸಾಧಾರಣ ಮಲ್ಟಿಮೀಟರ್. ಲೋಹದ ಕವಚದಿಂದ ಅರ್ಥಿಂಗ್ ಗುರುತಿಸಿದ, ವಿದ್ಯುತ್ ಬರುವ ಗೆರೆಯನ್ನು ಅಳೆದ, ಅಲ್ಲಿಂದ ಬೀಪ್ ಸದ್ದಿನ ಹಿಂದೆ ಒಂದೊಂದೇ ಗೆರೆಯನ್ನು ಅನುಸರಿಸಿ ನಿಯಂತ್ರಕದ ಯಾವ ಕಾಲು ಎಲ್ಲಿಗೆ ಹೋಗುತ್ತದೆಂದು ಶಾಲಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಒಂದು ತಂತಿ ಅಕ್ಷರಗಳನ್ನು ಒಯ್ಯುತ್ತದೆ. ಇನ್ನೊಂದು, ಡಿಸ್ಕಿನಿಂದ ಬರುವ ನಿಜವಾದ ಸಂಕೇತವನ್ನು ಅದುಮಿ ಹಿಡಿಯುತ್ತದೆ. ಎರಡು ದನಿ ಒಟ್ಟಿಗೆ ಕೇಳಿಸಿದರೆ ನಿಯಂತ್ರಕಕ್ಕೆ ಯಾವುದೂ ತಿಳಿಯದಲ್ಲವೇ?

ಈ ಚಿಪ್‌ನ ಇತಿಹಾಸದಲ್ಲಿ ಒಂದು ಸ್ವಾರಸ್ಯವಿದೆ. ಮೊದಮೊದಲ ಚಿಪ್‌ಗಳು ಆಟ ಆರಂಭವಾದ ಮೇಲೂ ವಟಗುಟ್ಟುತ್ತಲೇ ಇದ್ದವು. ಆಟ ತಯಾರಕರು ಆ ವಟಗುಟ್ಟುವಿಕೆಯನ್ನೇ ಪತ್ತೆ ಮಾಡಿ ಆಟ ನಿಲ್ಲಿಸತೊಡಗಿದರು. ಬಳಿಕ ಬಂದ ಚಿಪ್‌ಗಳು ಬಾಗಿಲು ತೆರೆದೊಡನೆ ಮೌನವಾಗುವುದನ್ನು ಕಲಿತವು. ಅದಕ್ಕೆ ಮುಚ್ಚಳದ ಸ್ವಿಚ್ಚಿಗೊಂದು ತಂತಿ ಹೆಚ್ಚಾಯಿತು. ತೆರಿಗೆಗಳ್ಳರಿಗೂ ನಮ್ಮ ಇಲಾಖೆಗೂ ನಡೆಯುತ್ತಿದ್ದ ಪೈಪೋಟಿಯನ್ನು ಕಂಡವನಿಗೆ ಇದು ಪರಿಚಿತ ಕಥೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಆ ಎರಡನೆಯ ಬೀಗ ಇನ್ನೂ ಪರಿಚಿತ. ಒಂದೇ ಸರಕನ್ನು ಬೇರೆ ಬೇರೆ ಮಾರುಕಟ್ಟೆಯಲ್ಲಿ ಬೇರೆ ಬೇರೆ ಬೆಲೆಗೆ ಮಾರಬೇಕಾದರೆ, ಅಗ್ಗದ ಕಡೆಯಿಂದ ದುಬಾರಿ ಕಡೆಗೆ ಅದು ಹರಿಯದಂತೆ ಕಟ್ಟೆ ಕಟ್ಟಬೇಕು. 1920ರಲ್ಲಿ ಪಿಗೂ ಬೆಲೆ ತಾರತಮ್ಯವನ್ನು ವಿವರಿಸಿದಂದಿನಿಂದ ಇದು ಪಠ್ಯದ ಮಾತು. 2021ರ ನವೆಂಬರಿನಲ್ಲಿ ಕರ್ನಾಟಕ ಇಂಧನ ತೆರಿಗೆ ಇಳಿಸಿದಾಗ ಮಹಾರಾಷ್ಟ್ರದ ವಾಹನಗಳು ಈ ಬದಿಗೆ ಬಂದು ಡೀಸೆಲ್ ತುಂಬಿಸಿಕೊಂಡವು. ಅದನ್ನು ಯಾರೂ ಕಳ್ಳತನವೆನ್ನಲಿಲ್ಲ. ಅಮೆರಿಕದಲ್ಲಿ ಕೊಂಡ ಡಿಸ್ಕನ್ನು ಕೊಗನೊಳ್ಳಿಯಲ್ಲಿ ಆಡುವುದು ಹೇಗೆ ಕಳ್ಳತನವಾದೀತು?

ಈ ಪ್ರಶ್ನೆ ಆಸ್ಟ್ರೇಲಿಯದ ನ್ಯಾಯಾಲಯಗಳನ್ನು ಮೂರು ಹಂತಗಳಲ್ಲಿ ಕಾಡಿತು. ಸ್ಟೀವನ್ಸ್ ಎಂಬ ವ್ಯಾಪಾರಿ ಇಂತಹ ಚಿಪ್ ಮಾರಿದನೆಂದು ಸೋನಿ ಹೂಡಿದ ದಾವೆ ಅದು. ಅಲ್ಲಿಯ ಸ್ಪರ್ಧಾ ಆಯೋಗ ಗ್ರಾಹಕರ ಪರವಾಗಿ ವಿಚಾರಣೆಗೆ ಬಂದದ್ದು ನನಗೆ ಮೆಚ್ಚುಗೆಯಾದ ಸಂಗತಿ. 2005ರ ಅಕ್ಟೋಬರಿನಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯ ಸ್ಟೀವನ್ಸ್ ಪರ ತೀರ್ಪಿತ್ತಿತು: ಈ ಬೀಗ ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲು ಆಗಿಹೋದ ಬಳಿಕ ಆಡುವುದನ್ನಷ್ಟೇ ತಡೆಯುತ್ತದೆ ಎಂಬುದು ತರ್ಕದ ತಿರುಳು. ಮರುವರ್ಷ ಅಲ್ಲಿಯ ಸಂಸತ್ತು ಕಾನೂನನ್ನು ಬಿಗಿಗೊಳಿಸಿತಾದರೂ, ಮಾರುಕಟ್ಟೆಯನ್ನು ಸೀಮೆಗಳಾಗಿ ಒಡೆಯುವ ಬೀಗಗಳಿಗೆ ಆ ರಕ್ಷಣೆಯನ್ನು ನೀಡಲಿಲ್ಲ.

ಇಂತಹ ಚಿಪ್‌ಗಳಲ್ಲಿ ಬಹುಪಾಲು ನಕಲಿ ಡಿಸ್ಕ್ ಓಡಿಸಲೆಂದೇ ಮಾರಾಟವಾದವೆಂಬುದನ್ನು ಮರೆಮಾಚಿ ಫಲವಿಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಒಂದು ಕಾಲದಲ್ಲಿ ಅಡ್ಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟ ಬರೆದವನ ದುಡಿಮೆಯನ್ನು ಪುಕ್ಕಟೆ ಪಡೆಯುವುದಕ್ಕೆ ನನ್ನ ಸಮ್ಮತಿಯೂ ಇಲ್ಲ. ಆದರೆ ತಂತಿಯ ಜಾಡು ಹಿಡಿಯುವ ವಿದ್ಯೆಯನ್ನೇ ಅಪರಾಧವೆಂದು ಕಂಡರೆ ನಷ್ಟ ನಮ್ಮದೇ. ದೂಧಗಂಗೆಯ ದಂಡೆಯ ಕಬ್ಬಿನ ಗದ್ದೆಗಳ ಪಂಪ್‌ಸೆಟ್ಟಿಗೆ ಈಗ ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರುಗಳು ಬಂದಿವೆ. ಅವುಗಳಲ್ಲಿ ಕೆಲವು ಬೋರ್ಡುಗಳ ಚಿಪ್ ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸಿರುತ್ತಾರೆ. ಅವನ್ನು ರಿಪೇರಿ ಮಾಡಿಕೊಡುವವನೂ ಇದೇ ಹುಡುಗ, ಇದೇ ಮಲ್ಟಿಮೀಟರಿನಿಂದ, ಇದೇ ವಿಧಾನದಿಂದ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ಗೆ ಸಮಿತಿ ರಚಿಸಿದಾಗ ಕೃಷಿ ಉಪಕರಣಗಳನ್ನೂ ಸೇರಿಸಿದ್ದು ಸುಮ್ಮನಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಅನೇಕರು ಊಹಿಸುವುದಕ್ಕಿಂತ ವಿವೇಕಯುತವಾಗಿದೆ. 1999ರ ತಿದ್ದುಪಡಿಯಿಂದಲೇ, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಅಭ್ಯಾಸ ಮಾಡುವುದಕ್ಕೆ ಕೃತಿಸ್ವಾಮ್ಯ ಕಾಯಿದೆ ಅವಕಾಶವಿತ್ತಿದೆ. 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗ ಮುರಿದವರಿಗೆ 2 ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ ವಿಧಿಸುತ್ತದೆ. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಬೀಗ ತೆಗೆದರೆ ಅಪರಾಧವಲ್ಲ. ಆದರೆ ಇನ್ನೊಬ್ಬರಿಗಾಗಿ ತೆಗೆದುಕೊಡುವವನು ಅವರ ಹೆಸರು, ವಿಳಾಸ, ಉದ್ದೇಶಗಳ ಪೂರ್ಣ ದಾಖಲೆ ಇಡಬೇಕು. ದಾಳಿಗೆ ಹೋಗುವ ನಮ್ಮ ಅಧಿಕಾರಿಗಳು ಮೊದಲರ್ಧವನ್ನು ಓದಿದಷ್ಟು ಶ್ರದ್ಧೆಯಿಂದ ಉಳಿದರ್ಧವನ್ನು ಓದುವರೇ ಎಂಬುದು ನನ್ನ ಅನುಮಾನ.

ಹುಡುಗನ ತಂದೆಗೆ ಇಷ್ಟನ್ನೂ ಹೇಳಿ, ಒಂದು ರಿಜಿಸ್ಟರ್ ಇಡಿಸಿ ಎಂದೆ. ನಿವೃತ್ತನಾದರೂ ಗುಮಾಸ್ತಿಕೆಯ ಬುದ್ಧಿ ಬಿಡದು. ಅಂಕಣಗಳನ್ನೂ ನಾನೇ ಗೆರೆ ಎಳೆದುಕೊಟ್ಟೆ. ಎರಡು ವಾರದ ಬಳಿಕ ಹುಡುಗ ಫೋನ್ ಮಾಡಿದ. ಚಿಪ್ ಕೆಲಸ ಮಾಡಿತಂತೆ, ಆದರೆ ಅಮೆರಿಕದ ಆಟ ನಮ್ಮ ಪ್ಯಾಲ್ ಪದ್ಧತಿಯ ಹಳೆಯ ಟಿ.ವಿ.ಯಲ್ಲಿ ಕಪ್ಪು–ಬಿಳುಪಾಗಿ ಬಂತಂತೆ. ಅದಕ್ಕೆ ಬೇರೆ ಕೇಬಲ್ ಹುಡುಕುತ್ತಿದ್ದ. ರಿಜಿಸ್ಟರಿನ ಮೊದಲ ಸಾಲಿನಲ್ಲಿ ಪುಣೆಯ ಬಂಧುವಿನ ಹೆಸರಿದೆ. ಎರಡನೆಯದು ಖಾಲಿ. ನಕಲಿ ಡಿಸ್ಕ್ ಹಿಡಿದು ಬಂದಿದ್ದ ಇಬ್ಬರು, ಹೆಸರು–ವಿಳಾಸ ಬರೆಸಬೇಕೆಂದಾಗ ಹಾಗೆಯೇ ಹೊರಟುಹೋದರಂತೆ.